ವರದಿಗಾರ ಇದ್ದಲ್ಲಿ ಸುದ್ದಿ

"ಇದನ್ನು ಯಾವ ಮೀಡಿಯಾದವರೂ ತೋರಿಸಲ್ಲ ನೋಡಿ." ಸುಡಾನಿನ ಯಾವುದೋ ಊರು ಹೊತ್ತಿ ಉರಿಯುತ್ತಿರುವ ವಿಡಿಯೊ, ಅದರ ಕೆಳಗೆ ಈ ಒಂದು ಸಾಲು. ಕಳಿಸಿದವರು ನನ್ನ ಹಳೆಯ ಪರಿಚಯದವರು, ದಿನವೂ ಪತ್ರಿಕೆ ಓದುವವರು. ದಿನಪತ್ರಿಕೆಯ ಡೆಸ್ಕಿನಲ್ಲಿ ವಿದೇಶ ಪುಟ ನೋಡಿಕೊಂಡಿದ್ದ ನನ್ನಂಥವರಿಗೆ ಇಂಥ ಸಾಲು ಬಂದಾಗ ಅದರೊಳಗೆ ಒಂದು ಪ್ರಶ್ನೆಯೂ ಇರುತ್ತದೆ: ನೀವೆಲ್ಲ ಕೂತು ಏನು ಮಾಡುತ್ತಿದ್ದಿರಿ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಸಿಗುವ ಎರಡು ಸಿದ್ಧ ಉತ್ತರಗಳೂ ನನಗೆ ಸಮಾಧಾನ ಕೊಟ್ಟಿಲ್ಲ. ಎಲ್ಲವೂ ದುಡ್ಡಿನ ಆಟ, ಮೇಲಿನವರು ಹೇಳಿದಂತೆ ನಡೆಯುತ್ತದೆ ಎನ್ನುವುದು ಒಂದು. ಮುಖ್ಯವಾದದ್ದು ಹೇಗೂ ಬರುತ್ತದೆ, ಅಲ್ಲದ್ದು ಬಿಟ್ಟುಹೋಗುತ್ತದೆ ಎಂದು ಪತ್ರಿಕೆಯವರೇ ಹೇಳಿಕೊಳ್ಳುವುದು ಇನ್ನೊಂದು. ಮಾಲೀಕರ ಒತ್ತಡ ಇರುತ್ತದೆ, ಜಾಹೀರಾತಿನ ಲೆಕ್ಕಾಚಾರವೂ ಇರುತ್ತದೆ, ನಾನೇನೂ ಅಲ್ಲಗಳೆಯುವುದಿಲ್ಲ. ಆದರೆ ಸುಡಾನಿನ ಸುದ್ದಿ ಹಾಕಬೇಡಿ ಎಂದು ಯಾವ ಮಾಲೀಕರೂ ಫೋನ್ ಮಾಡಿದ್ದನ್ನು ನಾನು ಕಂಡಿಲ್ಲ. ಫೋನ್ ಮಾಡುವ ಅಗತ್ಯವೇ ಬೀಳದ ಹಾಗೆ ಆ ಸುದ್ದಿ ಹೊರಗೆ ಉಳಿದಿರುತ್ತದೆ. ಹೇಗೆ ಉಳಿಯುತ್ತದೆ ಎನ್ನುವುದು ನನ್ನನ್ನು ಬಹಳ ಕಾಲದಿಂದ ಕಾಡಿದೆ.

ಎರಡು ಮುಳುಗಡೆ, ಒಂದೇ ವಾರ

2023ರ ಜೂನ್. 14ನೇ ತಾರೀಕು ಗ್ರೀಸ್‌ನ ಪೈಲೋಸ್ ಪಟ್ಟಣದಾಚೆಯ ಸಮುದ್ರದಲ್ಲಿ ಒಂದು ಹಳೆಯ ಮೀನುಗಾರಿಕೆ ದೋಣಿ ಮುಳುಗಿತು. ಲಿಬಿಯಾದ ಟೊಬ್ರುಕ್‌ನಿಂದ ಇಟಲಿಯತ್ತ ಹೊರಟಿದ್ದ ಆ ದೋಣಿಯಲ್ಲಿ ಸುಮಾರು 750 ಜನರಿದ್ದರೆಂಬುದು ಅಂದಾಜು. ಪಾಕಿಸ್ತಾನ, ಸಿರಿಯಾ, ಈಜಿಪ್ಟ್‌ನವರೇ ಹೆಚ್ಚು. ಬದುಕಿ ಬಂದವರು 104 ಮಂದಿ, ಅವರಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ನಾಲ್ಕು ದಿನ ಕಳೆದು, 18ರಂದು, ಅಟ್ಲಾಂಟಿಕ್ ಸಾಗರದ ತಳದಲ್ಲಿರುವ ಟೈಟಾನಿಕ್ ಹಡಗಿನ ಅವಶೇಷ ನೋಡಲು ಐದು ಜನರನ್ನು ಕರೆದೊಯ್ದ 'ಟೈಟನ್' ಎಂಬ ಪುಟ್ಟ ಜಲಾಂತರ್ಗಾಮಿ ಸಂಪರ್ಕ ಕಳೆದುಕೊಂಡಿತು. ಮುಂದಿನ ನಾಲ್ಕು ದಿನ ಲೋಕವೆಲ್ಲ ಏನು ನೋಡಿತು ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಆ ವಾರದ ಒಂದು ರಾತ್ರಿ ಡೆಸ್ಕಿನಲ್ಲಿ ನಡೆದ ಮಾತು ನನಗಿನ್ನೂ ಕಿವಿಯಲ್ಲಿದೆ. ಪರದೆಯ ಮೇಲೆ ಏಜೆನ್ಸಿ ಕಾಪಿಗಳು, ಅಂದರೆ ಸುದ್ದಿಸಂಸ್ಥೆಗಳು ಕಳಿಸುವ ಬರಹಗಳು, ಒಂದರ ಮೇಲೊಂದು ಬೀಳುತ್ತಿದ್ದವು. ಟೈಟನ್ ಬಗ್ಗೆ ಹೊಸ ಕಂತು, ಅದರ ಬೆನ್ನಿಗೇ ತಿದ್ದುಪಡಿ, ಅದರ ಬೆನ್ನಿಗೆ ಗ್ರಾಫಿಕ್ಸ್. ನೀರಿನಡಿ ಏನೋ ಬಡಿದ ಸದ್ದು ಕೇಳಿಸಿತಂತೆ. ಆಮ್ಲಜನಕ ಇನ್ನೆಷ್ಟು ಗಂಟೆಗೆ ಸಾಕಾಗುತ್ತದೆ? ಕೆನಡಾದ ವಿಮಾನ ಯಾವ ದಿಕ್ಕಿನಲ್ಲಿ ಹುಡುಕುತ್ತಿದೆ? ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗನೊಬ್ಬ ಪುಟದ ನಕ್ಷೆಯಾದ ಡಮ್ಮಿ ಹಿಡಿದು ನಮ್ಮ ಚೀಫ್ ಸಬ್ (ಮುಖ್ಯ ಉಪಸಂಪಾದಕರು) ಬಳಿ ಬಂದ.

"ಸರ್, ಗ್ರೀಸ್ ದೋಣಿದು ಏನು ಮಾಡೋಣ?"

"ಹೊಸದೇನಿದೆ?"

"ಹೊಸದೇನಿಲ್ಲ ಸರ್. ಇನ್ನೂ ನೂರಾರು ಜನ ಸಿಕ್ಕಿಲ್ಲ."

"ಬ್ರೀಫ್‌ನಲ್ಲಿ ನಾಲ್ಕು ಸಾಲು ಹಾಕು."

"ಒಂದು ಡಬಲ್ ಕಾಲಂಗೆ ಜಾಗ ಇದೆ ಸರ್."

"ಜಾಗದ ಪ್ರಶ್ನೆ ಅಲ್ಲಪ್ಪ. ಹೆಡ್ಡಿಂಗ್ ಏನು ಕೊಡ್ತೀಯ ಹೇಳು."

ಹುಡುಗ ನಿಂತಲ್ಲೇ ಯೋಚಿಸಿದ. 'ಹುಡುಕಾಟ ಮುಂದುವರಿಕೆ' ಎಂದ. ಅದನ್ನು ಹಿಂದಿನ ದಿನವೇ ಕೊಟ್ಟಾಗಿತ್ತು. ಮತ್ತೇನೂ ಹೊಳೆಯಲಿಲ್ಲ. ನಾಲ್ಕು ಸಾಲು ಬ್ರೀಫ್ ಹೋಯಿತು.

ನಮ್ಮ ಚೀಫ್ ಸಬ್ ಕಲ್ಲೆದೆಯ ಮನುಷ್ಯರಲ್ಲ. ದೋಣಿ ಮುಳುಗಿದ ದಿನ ಅದನ್ನೇ ಪುಟದ ಲೀಡ್, ಅಂದರೆ ಮುಖ್ಯ ಸುದ್ದಿ, ಮಾಡಿಸಿದವರು ಅವರೇ. ಆದರೆ ಒಂದು ಕಡೆ ಐದು ಹೆಸರುಗಳಿದ್ದವು, ಐದು ಮುಖಗಳಿದ್ದವು, ಓಡುತ್ತಿರುವ ಗಡಿಯಾರವಿತ್ತು, ಇಂಥ ದಿನದೊಳಗೆ ಹೌದೋ ಅಲ್ಲವೋ ಗೊತ್ತಾಗಿಬಿಡುತ್ತದೆ ಎಂಬ ಖಾತ್ರಿಯಿತ್ತು. ಇನ್ನೊಂದು ಕಡೆ ಪ್ರಯಾಣಿಕರ ಪಟ್ಟಿಯೇ ಇರಲಿಲ್ಲ. ಕಳ್ಳಸಾಗಣೆದಾರರು ಪಟ್ಟಿ ಇಟ್ಟುಕೊಳ್ಳುವುದಿಲ್ಲ. ಸತ್ತವರ ಹೆಸರು ಗೊತ್ತಾಗಬೇಕಾದರೆ ಯಾರಾದರೂ ಪಾಕಿಸ್ತಾನದ, ಈಜಿಪ್ಟ್‌ನ ಹಳ್ಳಿಗಳಿಗೆ ಹೋಗಿ, ಮನೆಮನೆ ತಿರುಗಿ, ನಿಮ್ಮ ಮಗ ಹೊರಟಿದ್ದು ಯಾವಾಗ ಎಂದು ಕೇಳಬೇಕು. ಆ ಕೆಲಸವನ್ನು ಆಮೇಲೆ ಕೆಲವರು ಮಾಡಿದರು. ಬದುಕುಳಿದವರನ್ನು ಹುಡುಕಿ ಮಾತಾಡಿಸಿದ ಪತ್ರಕರ್ತರ ತಂಡಗಳು ಗ್ರೀಕ್ ಕರಾವಳಿ ಕಾವಲು ಪಡೆಯ ಮೇಲೆ ಗಂಭೀರ ಪ್ರಶ್ನೆಗಳನ್ನೆತ್ತಿದವು. ಹಗ್ಗ ಕಟ್ಟಿ ಎಳೆಯಲು ಹೋದಾಗ ದೋಣಿ ಮಗುಚಿತು ಎಂದು ಬದುಕಿದವರು ಹೇಳಿದರು, ಪಡೆ ಅದನ್ನು ನಿರಾಕರಿಸಿತು. ಅಷ್ಟೊಂದು ಜನ ಸತ್ತಿದ್ದಕ್ಕೆ ಯಾರು ಹೊಣೆ ಎಂಬ ನಿಜವಾದ ರಾಜಕೀಯ ಸುದ್ದಿ ಅಲ್ಲಿತ್ತು. ಅದು ಹೊರಬರುವ ಹೊತ್ತಿಗೆ ಬಹುಪಾಲು ಪತ್ರಿಕೆಗಳ ಪಾಲಿಗೆ ಆ ದೋಣಿ ಹಳೆಯ ಸುದ್ದಿಯಾಗಿತ್ತು.

ಸಂಜೆಯ ಮೀಟಿಂಗಿಗೆ ಮುಂಚೆಯೇ

ಸುದ್ದಿಯ ಆಯ್ಕೆ ಎಂದರೆ ಜನರ ಕಣ್ಣಿಗೆ ಬರುವುದು ಸಂಪಾದಕರ ಕೊಠಡಿ, ದೊಡ್ಡ ಮೇಜು, ಇದು ಬೇಕು ಅದು ಬೇಡ ಎನ್ನುವ ನಾಲ್ಕಾರು ಮಂದಿ. ಸಂಶೋಧಕರು ಕೂಡ ಮೊದಲು ನೋಡಿದ್ದು ಅಲ್ಲಿಯೇ. 1950ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಡೇವಿಡ್ ಮ್ಯಾನಿಂಗ್ ವೈಟ್ ಎಂಬ ಅಮೆರಿಕದ ಪ್ರಾಧ್ಯಾಪಕರು ಒಂದು ಸಣ್ಣ ಪತ್ರಿಕೆಯ ಏಜೆನ್ಸಿ ಡೆಸ್ಕಿನ ಸಂಪಾದಕರೊಬ್ಬರಿಂದ, ಕೈಬಿಟ್ಟ ಪ್ರತಿ ಕಾಪಿಯ ಮೇಲೂ ಕಾರಣ ಬರೆಸಿಕೊಂಡರು. ಬಂದ ಕಾಪಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಕಸದ ಬುಟ್ಟಿ ಸೇರಿತ್ತು. ಕಾರಣಗಳಲ್ಲಿ 'ಜಾಗವಿಲ್ಲ' ಎಂಬುದರ ಜೊತೆಗೆ ಅವರ ಸ್ವಂತ ಇಷ್ಟಾನಿಷ್ಟಗಳೂ ಇದ್ದವು. ಡೆಸ್ಕಿನಲ್ಲಿ ಕೂತವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ನನ್ನ ಯೋಚನೆಯೆಲ್ಲ ಅವರ ಮೇಜಿಗೆ ಬಾರದೇ ಇದ್ದ ಸುದ್ದಿಗಳ ಬಗ್ಗೆ. ಬುಟ್ಟಿಗೆ ಹಾಕಲಿಕ್ಕಾದರೂ ಕಾಪಿ ಬಂದಿರಬೇಕಲ್ಲ. ಬಲೆ ಎಲ್ಲಿ ಬೀಸಿದ್ದಾರೋ ಅಲ್ಲಿಯ ಮೀನಷ್ಟೇ ಮೇಲೆ ಬರುತ್ತದೆ. ಆಮೇಲೆ ದಡದಲ್ಲಿ ಕೂತು ಯಾವುದನ್ನು ಆರಿಸಿದರು ಎಂದು ಜಗಳ ಆಡುವುದು ಕಥೆಯ ಎರಡನೇ ಭಾಗ.

ಬಲೆ ಎಲ್ಲಿ ಬೀಸಬೇಕೆಂಬುದು ಎಷ್ಟು ಹಿಂದೆಯೇ ತೀರ್ಮಾನವಾಗಿದೆ ನೋಡಿ. 1870ರಲ್ಲಿ ಬ್ರಿಟನ್ನಿನ ರಾಯಿಟರ್, ಫ್ರಾನ್ಸಿನ ಹವಾಸ್, ಜರ್ಮನಿಯ ವೋಲ್ಫ್ ಎಂಬ ಮೂರು ಸುದ್ದಿಸಂಸ್ಥೆಗಳು ಒಪ್ಪಂದ ಮಾಡಿಕೊಂಡು ಭೂಗೋಳವನ್ನೇ ಹಂಚಿಕೊಂಡವು. ಬ್ರಿಟಿಷ್ ಸಾಮ್ರಾಜ್ಯ ರಾಯಿಟರ್ ಪಾಲಿಗೆ, ಫ್ರೆಂಚ್ ವಸಾಹತುಗಳು ಹವಾಸ್ ಪಾಲಿಗೆ, ಹೀಗೆ. ತಂತಿ ಎಲ್ಲಿ ಹೋಗಿತ್ತೋ ಸುದ್ದಿ ಅಲ್ಲಿಂದ ಬಂತು, ತಂತಿ ಹೋದದ್ದು ವ್ಯಾಪಾರ ಮತ್ತು ಆಡಳಿತದ ದಾರಿಯಲ್ಲಿ. ಆ ಒಪ್ಪಂದ 1930ರ ದಶಕದಲ್ಲಿ ಮುರಿದುಬಿತ್ತು. ಆದರೆ ಒಂದು ವಸಾಹತಿನ ಸುದ್ದಿ ಪಕ್ಕದ ವಸಾಹತಿಗೆ ತಲುಪಬೇಕಾದರೆ ಲಂಡನ್ನಿಗೋ ಪ್ಯಾರಿಸ್ಸಿಗೋ ಹೋಗಿ ಬರಬೇಕೆಂಬ ಅಭ್ಯಾಸ ಅಷ್ಟು ಸುಲಭಕ್ಕೆ ಹೋಗಲಿಲ್ಲ. ಇದನ್ನು ಬದಲಾಯಿಸಲು 1975ರಲ್ಲಿ ಅಲಿಪ್ತ ರಾಷ್ಟ್ರಗಳು ತಮ್ಮದೇ ಸುದ್ದಿಸಂಸ್ಥೆಗಳ ಕೂಟ ಕಟ್ಟಿದವು. ಅಲ್ಲಿ ಬಂದ ಕಾಪಿ ಹೆಚ್ಚಿನ ಪಾಲು ಸರ್ಕಾರಿ ಸಂಸ್ಥೆಗಳದ್ದು. ಮಂತ್ರಿಗಳು ಏನು ಉದ್ಘಾಟಿಸಿದರು ಎಂಬ ಸುದ್ದಿಯನ್ನು ಓದಲು ಯಾರು ಕಾದಿರುತ್ತಾರೆ? ಒಳ್ಳೆಯ ಉದ್ದೇಶ ಹಾಗೇ ಸೊರಗಿತು. ನನಗೆ ಇದು ಇಂದಿಗೂ ಬೇಸರದ ಸಂಗತಿ, ಏಕೆಂದರೆ ಆ ದೇಶಗಳ ದೂರಿನಲ್ಲಿ ನಿಜವಿತ್ತು.

ಯಾರು ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ಏನೆಲ್ಲ ನಿಂತಿರುತ್ತದೆ ಎಂಬುದಕ್ಕೆ ರುವಾಂಡಕ್ಕಿಂತ ಕ್ರೂರವಾದ ಉದಾಹರಣೆ ನನಗೆ ಗೊತ್ತಿಲ್ಲ. 1994ರ ಏಪ್ರಿಲ್ 6ರಂದು ಅಲ್ಲಿನ ಅಧ್ಯಕ್ಷರ ವಿಮಾನ ಉರುಳಿತು, ಮರುದಿನದಿಂದಲೇ ಟುಟ್ಸಿ ಸಮುದಾಯದವರ ಕೊಲೆ ಶುರುವಾಯಿತು. ಆಫ್ರಿಕಾ ನೋಡಿಕೊಳ್ಳುವ ವಿದೇಶಿ ವರದಿಗಾರರಲ್ಲಿ ಬಹಳ ಮಂದಿ ಆಗ ದಕ್ಷಿಣ ಆಫ್ರಿಕಾದಲ್ಲಿದ್ದರು. ಆ ತಿಂಗಳ ಕೊನೆಗೆ ಮಂಡೇಲಾ ಅವರ ಚುನಾವಣೆ. ಅದು ಶತಮಾನದ ಸುದ್ದಿ, ಅಲ್ಲಿಗೆ ಹೋದವರು ತಪ್ಪು ಮಾಡಲಿಲ್ಲ. ರುವಾಂಡದ ರಾಜಧಾನಿ ಕಿಗಾಲಿಯಲ್ಲಿದ್ದ ಬೆರಳೆಣಿಕೆಯ ವಿದೇಶಿ ಪತ್ರಕರ್ತರಲ್ಲೂ ಹೆಚ್ಚಿನವರು ವಿದೇಶಿಯರನ್ನು ತೆರವು ಮಾಡುವಾಗ ಅವರೊಂದಿಗೇ ಹೊರಟರು. ದೂರದಿಂದ ಬರೆದ ಮೊದಲ ವರದಿಗಳಲ್ಲಿ ಅದೊಂದು ಬುಡಕಟ್ಟು ಕಲಹ, ಅರಾಜಕತೆ. ಯೋಜನೆ ಹಾಕಿ, ಪಟ್ಟಿ ಹಿಡಿದು, ರೇಡಿಯೊದಲ್ಲಿ ಕರೆ ಕೊಟ್ಟು ನಡೆಸಿದ ಹತ್ಯಾಕಾಂಡ ಅದೆಂದು ಹೇಳಬೇಕಿದ್ದರೆ ಅಲ್ಲಿ ಯಾರಾದರೂ ನಿಂತಿರಬೇಕಿತ್ತು. ಏಪ್ರಿಲ್ 21ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ತನ್ನ ಶಾಂತಿಪಾಲನಾ ಪಡೆಯನ್ನು 270 ಮಂದಿಗೆ ಇಳಿಸಲು ತೀರ್ಮಾನಿಸಿತು. ಅದರ ವಿರುದ್ಧ ಯಾವ ದೇಶದಲ್ಲೂ ಹೇಳಿಕೊಳ್ಳುವಂಥ ಗದ್ದಲ ಏಳಲಿಲ್ಲ. ಸುಮಾರು 100 ದಿನಗಳಲ್ಲಿ ಎಂಟು ಲಕ್ಷದಷ್ಟು ಜನ ಸತ್ತರು. ಕ್ಯಾಮೆರಾಗಳು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಜುಲೈನಲ್ಲಿ, ಲಕ್ಷಾಂತರ ಜನ ಗಡಿ ದಾಟಿ ಪಕ್ಕದ ಜೈರ್ (ಇಂದಿನ ಕಾಂಗೊ) ದೇಶದ ಗೋಮಾ ಸೇರಿ, ಅಲ್ಲಿ ಕಾಲರಾ ಹಬ್ಬಿದಾಗ. ಗೋಮಾದಲ್ಲಿ ವಿಮಾನ ನಿಲ್ದಾಣವಿತ್ತು, ನೆರವು ಸಂಸ್ಥೆಗಳಿದ್ದವು, ಚಿತ್ರ ಕಳಿಸುವ ವ್ಯವಸ್ಥೆಯಿತ್ತು. ಲೋಕದ ಕರುಣೆ ಹರಿದದ್ದು ಆ ಶಿಬಿರಗಳಿಗೆ. ಆ ಜನರ ನಡುವೆ ಕೊಲೆ ಮಾಡಿ ಬಂದವರೂ ಇದ್ದರು.

ಇಷ್ಟೆಲ್ಲ ಆಕಸ್ಮಿಕ ಎಂದುಕೊಳ್ಳಬೇಕಿಲ್ಲ, ಬಾಗಿಲು ಮುಚ್ಚುವವರಿಗೂ ಇದು ಚೆನ್ನಾಗಿ ಗೊತ್ತಿದೆ. 2020ರಲ್ಲಿ ಇಥಿಯೋಪಿಯಾದ ಟಿಗ್ರೇಯಲ್ಲಿ ಯುದ್ಧ ಶುರುವಾದಾಗ ಮೊದಲು ಸ್ತಬ್ಧವಾದದ್ದು ಫೋನ್ ಮತ್ತು ಇಂಟರ್ನೆಟ್. ಎರಡು ವರ್ಷದ ಆ ಯುದ್ಧದಲ್ಲಿ ಸತ್ತವರು ಕೆಲವು ಲಕ್ಷ ಎಂಬ ಅಂದಾಜುಗಳಿವೆ. ಗಾಜಾಕ್ಕೆ 2023ರ ಅಕ್ಟೋಬರ್ ನಂತರ ವಿದೇಶಿ ಪತ್ರಕರ್ತರನ್ನು ಸ್ವತಂತ್ರವಾಗಿ ಒಳಗೆ ಬಿಡದೇ ಹೋದಾಗ, ಅಲ್ಲಿಂದ ಬಂದದ್ದರಲ್ಲಿ ಬಹುಪಾಲು ಪ್ಯಾಲೆಸ್ಟೀನಿನ ಪತ್ರಕರ್ತರು ಜೀವ ಪಣಕ್ಕಿಟ್ಟು ಕಳಿಸಿದ್ದು.

ನಿಧಾನವಾಗಿ ಸಾಯುವವರು

ದೂರ ಮತ್ತು ಖರ್ಚಿನ ಮಾತು ಹಾಗಿರಲಿ. ಪಕ್ಕದಲ್ಲೇ ನಡೆದರೂ ಕಣ್ಣಿಗೆ ಬೀಳದ ಸಂಗತಿಗಳಿವೆ. ನಾರ್ವೆಯ ಯೋಹಾನ್ ಗಾಲ್ಟುಂಗ್ ಮತ್ತು ಮಾರಿ ಹೋಲ್ಮ್‌ಬೋ ರೂಗೆ 1965ರಲ್ಲಿ ಕಾಂಗೊ, ಕ್ಯೂಬಾ, ಸೈಪ್ರಸ್ ಬಿಕ್ಕಟ್ಟುಗಳು ತಮ್ಮ ದೇಶದ ನಾಲ್ಕು ಪತ್ರಿಕೆಗಳಲ್ಲಿ ಹೇಗೆ ಬಂದವೆಂದು ಅಧ್ಯಯನ ಮಾಡಿದರು. ಅವರು ಹೇಳಿದ ಹಲವು ಅಂಶಗಳಲ್ಲಿ ನನಗೆ ಬಹಳ ಹಿಡಿಸಿದ್ದು ಕಾಲದ ಬಗೆಗಿನದು. ಪತ್ರಿಕೆಗೆ ಒಂದು ದಿನದ ಲಯ ಇರುತ್ತದೆ. ಆ ಲಯದೊಳಗೆ ಶುರುವಾಗಿ ಮುಗಿಯುವುದು ಸುದ್ದಿ. ಅಣೆಕಟ್ಟು ಕಟ್ಟುವಷ್ಟು ಕಾಲ ಅದು ಸುದ್ದಿಯಲ್ಲ, ಉದ್ಘಾಟನೆಯಾದ ದಿನ ಸುದ್ದಿ. ಟಿವಿ ಬಂದ ಮೇಲೆ ಆ ಲಯ ಗಂಟೆಗಿಳಿಯಿತು, ಮೊಬೈಲ್ ಬಂದ ಮೇಲೆ ನಿಮಿಷಕ್ಕೆ.

ಇದರ ಬೆಲೆ ಎಷ್ಟೆಂದು ಲೆಕ್ಕ ಹಾಕಿದವರಿದ್ದಾರೆ. ಥಾಮಸ್ ಐಸೆನ್ಸಿ ಮತ್ತು ಡೇವಿಡ್ ಸ್ಟ್ರೋಮ್‌ಬರ್ಗ್ ಎಂಬ ಅರ್ಥಶಾಸ್ತ್ರಜ್ಞರು 1968ರಿಂದ 2002ರವರೆಗಿನ ಸುಮಾರು 5,000 ನೈಸರ್ಗಿಕ ವಿಕೋಪಗಳನ್ನು ಅಮೆರಿಕದ ಟಿವಿ ಸುದ್ದಿಯೊಂದಿಗೆ ತಾಳೆ ನೋಡಿ 2007ರಲ್ಲಿ ಪ್ರಕಟಿಸಿದರು. ಜ್ವಾಲಾಮುಖಿಯಲ್ಲಿ ಒಬ್ಬರು ಸತ್ತರೆ ಟಿವಿಯಲ್ಲಿ ಬರುವ ಸಾಧ್ಯತೆ ಎಷ್ಟೋ, ಆಹಾರದ ಕೊರತೆಯ ವಿಕೋಪಕ್ಕೆ ಅಷ್ಟೇ ಸಾಧ್ಯತೆ ದಕ್ಕಬೇಕಾದರೆ 40,000ದ ಹತ್ತಿರ ಜನ ಸಾಯಬೇಕಿತ್ತು. ಒಲಿಂಪಿಕ್ಸ್ ನಡೆಯುವಾಗ ಆದ ವಿಕೋಪಗಳು ಸುದ್ದಿಯಾಗುವ ಸಾಧ್ಯತೆ ಕಡಿಮೆಯಿತ್ತು, ಮತ್ತು ಸುದ್ದಿಯಾಗದ ವಿಕೋಪಕ್ಕೆ ಅಮೆರಿಕ ಸರ್ಕಾರದ ನೆರವು ಸಿಗುವ ಸಾಧ್ಯತೆಯೂ ಕಡಿಮೆಯಾಯಿತು. ಸುದ್ದಿಯ ಆಯ್ಕೆ ಎಂದರೆ ಓದುಗರ ತಿಳಿವಳಿಕೆಯ ವಿಷಯವಷ್ಟೇ ಎಂದು ಮಾತಾಡುವವರು ಈ ಕೊನೆಯ ಸಂಗತಿಯನ್ನು ಗಮನಿಸಬೇಕು. ಯಾರಿಗೆ ಅಕ್ಕಿ, ಔಷಧಿ ಹೋಗುತ್ತದೆ ಎಂಬುದೂ ಅದರ ಮೇಲೆ ನಿಂತಿದೆ.

ಹಸಿವು ಸುದ್ದಿಯಾದ ಸಂದರ್ಭಗಳನ್ನು ನೋಡಿದರೆ ಪ್ರತಿ ಸಲವೂ ಯಾರೋ ಒಬ್ಬರು ಹಟ ಹಿಡಿದಿರುತ್ತಾರೆ. 1943ರ ಬಂಗಾಳದ ಬರದಲ್ಲಿ ಜನ ತಿಂಗಳುಗಟ್ಟಲೆ ಸಾಯುತ್ತಿದ್ದರು. ಕಲ್ಕತ್ತೆಯ ಬೀದಿಗಳಲ್ಲೇ ಹೆಣಗಳಿದ್ದವು. ಅಂದರೆ ಸುದ್ದಿಮನೆಯಿಂದ ಹೊರಗೆ ಕಾಲಿಟ್ಟರೆ ಸುದ್ದಿ. ಯುದ್ಧಕಾಲದ ಸೆನ್ಸಾರ್ ಬರಹದ ಮೇಲೆ ಕಣ್ಣಿಟ್ಟಿತ್ತು. 'ದಿ ಸ್ಟೇಟ್ಸ್‌ಮನ್' ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಆಗಸ್ಟ್ 22ರಂದು ಹಸಿದು ಸಾಯುತ್ತಿರುವವರ ಛಾಯಾಚಿತ್ರಗಳನ್ನು ಅಚ್ಚು ಹಾಕಿಬಿಟ್ಟರು. ಬ್ರಿಟಿಷರ ಒಡೆತನದ ಪತ್ರಿಕೆ, ಬ್ರಿಟಿಷ್ ಸಂಪಾದಕ. ಅಲ್ಲಿಂದಾಚೆಗೆ ದೆಹಲಿಯಾಗಲಿ ಲಂಡನ್ನಾಗಲಿ ಗೊತ್ತಿಲ್ಲ ಎನ್ನುವ ಹಾಗಿರಲಿಲ್ಲ. ಅಷ್ಟರಲ್ಲಿ ಬಹಳ ತಡವಾಗಿತ್ತು, ಒಟ್ಟು ಸತ್ತವರು ಸುಮಾರು 30 ಲಕ್ಷ. 1984ರ ಇಥಿಯೋಪಿಯಾ ಕ್ಷಾಮವೂ ಹಾಗೆಯೇ. ಅಕ್ಟೋಬರ್ 23ರಂದು ಬಿಬಿಸಿಯಲ್ಲಿ ಬಂದ ಮೈಕಲ್ ಬರ್ಕ್ ಅವರ ವರದಿ ಲೋಕವನ್ನೇ ಅಲುಗಾಡಿಸಿತು. ಅದರ ಚಿತ್ರಗಳನ್ನು ಸೆರೆಹಿಡಿದವರು ಕೀನ್ಯಾದ ಮೊಹಮದ್ ಅಮೀನ್, ನೈರೋಬಿಯಲ್ಲೇ ನೆಲೆಸಿ ಆ ಭಾಗವನ್ನೆಲ್ಲ ಬಲ್ಲವರಾಗಿದ್ದ ಛಾಯಾಗ್ರಾಹಕ. ಅವರು ಚಿತ್ರೀಕರಿಸಿದ ಕೊರೆಮ್‌ನ ಹಸಿದವರ ಶಿಬಿರ ಆ ವಾರ ಹುಟ್ಟಿಕೊಂಡದ್ದಲ್ಲ.

ಸ್ವತಂತ್ರ ಪತ್ರಿಕೆಗಳಿರುವ ಪ್ರಜಾಪ್ರಭುತ್ವದಲ್ಲಿ ದೊಡ್ಡ ಕ್ಷಾಮ ಆಗುವುದಿಲ್ಲ ಎಂಬ ಅಮರ್ತ್ಯ ಸೇನ್ ಅವರ ಮಾತನ್ನು ಪತ್ರಕರ್ತರಾದ ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅವರು ಅದೇ ಉಸಿರಿನಲ್ಲಿ ಹೇಳಿದ ಇನ್ನೊಂದು ಮಾತನ್ನು ಅಷ್ಟಾಗಿ ಹೇಳುವುದಿಲ್ಲ. ಕ್ಷಾಮವನ್ನು ಸುದ್ದಿ ಮಾಡುವ ಅದೇ ಪತ್ರಿಕೆಗಳಿಗೆ ದಿನನಿತ್ಯದ ಅಪೌಷ್ಟಿಕತೆ ಕಾಣುವುದಿಲ್ಲ. ಪ್ರತಿದಿನ ಅರೆಹೊಟ್ಟೆ ಮಲಗುವ ಮಗುವಿಗೆ 'ಇಂದು' ಎಂಬುದೇ ಇಲ್ಲವಲ್ಲ, ಹೆಡ್ಡಿಂಗ್ ಎಲ್ಲಿಂದ ತರಬೇಕು?

ತಿರುಗೇಟಿನ ರಾಜಕೀಯ

ರಾಜಕೀಯ ಸುದ್ದಿಗೆ ಬಂದರೆ ತೊಂದರೆ ತಿರುವುಮುರುವು. ಅಲ್ಲಿ ವರದಿಗಾರರ ಕೊರತೆಯಿಲ್ಲ. ಎಲ್ಲರೂ ಒಂದೇ ಜಾಗದಲ್ಲಿ ನಿಂತಿರುತ್ತಾರೆ. ಬೆಳಿಗ್ಗೆ ಒಬ್ಬ ನಾಯಕರ ಹೇಳಿಕೆ, ಮಧ್ಯಾಹ್ನ ಎದುರಾಳಿಯ ತಿರುಗೇಟು, ಸಂಜೆಗೆ ಸ್ಪಷ್ಟನೆ, ರಾತ್ರಿ ಅದರ ಮೇಲೆ ಚರ್ಚೆ. ಇದಕ್ಕೆ ಖರ್ಚಿಲ್ಲ, ಹೊತ್ತಿಗೆ ಸರಿಯಾಗಿ ಸಿಗುತ್ತದೆ, ಮುಖವಿದೆ, ಜಗಳವಿದೆ, ತಪ್ಪು ವರದಿ ಮಾಡುವ ಭಯವೂ ಇಲ್ಲ, ಅವರು ಹೇಳಿದ್ದನ್ನು ತಾನೇ ಬರೆದದ್ದು. ಅದೇ ದಿನ ಸದನದಲ್ಲಿ ಒಂದು ಮಸೂದೆ ಚರ್ಚೆಯಿಲ್ಲದೆ ಪಾಸಾಗಿರುತ್ತದೆ. ಅದರ ಕಲಮುಗಳನ್ನು ಓದಿ, ಯಾರಿಗೆ ಏನಾಗುತ್ತದೆ ಎಂದು ಬರೆಯಬೇಕಾದರೆ ಒಬ್ಬರನ್ನು ಎರಡು ಮೂರು ದಿನ ಬೇರೆ ಕೆಲಸದಿಂದ ಬಿಡಿಸಬೇಕು. ಹಾಗೆ ಬಿಡಿಸಲು ಯಾವ ಬ್ಯೂರೊ ಮುಖ್ಯಸ್ಥರಿಗೂ ಮನಸ್ಸಿಲ್ಲದೇ ಇರುವುದಿಲ್ಲ, ಆದರೆ ಕೈಯಲ್ಲಿ ಜನರಿರುವುದಿಲ್ಲ. ಹೇಳಿಕೆ ಕೊಡುವವರಿಗೆ ಈ ಲೆಕ್ಕವೆಲ್ಲ ಬಾಯಿಪಾಠ. ಯಾವ ಹೊತ್ತಿಗೆ ಏನು ಅಂದರೆ ಮರುದಿನದ ಮುಖಪುಟದಿಂದ ಯಾವುದು ಕೆಳಗಿಳಿಯುತ್ತದೆ ಎಂದು ಡೆಸ್ಕಿನವರಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಅಮೆರಿಕದ ಅಧ್ಯಕ್ಷ ನಿಕ್ಸನ್ ಕೊನೆಗೆ ರಾಜೀನಾಮೆ ಕೊಡಬೇಕಾಗಿ ಬಂದ ವಾಟರ್‌ಗೇಟ್ ಹಗರಣವನ್ನು ಪತ್ರಿಕೋದ್ಯಮದ ಸಾಹಸವೆಂದು ಎಲ್ಲರೂ ಕೊಂಡಾಡುತ್ತಾರೆ. ನನಗೆ ಅದರಲ್ಲಿ ಕಾಣುವುದು ಯಾರು ಎಲ್ಲಿ ಕೂತಿದ್ದರು ಎಂಬುದೇ. 1972ರ ಜೂನ್ 17ರಂದು ವಾಷಿಂಗ್ಟನ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದ್ದ ಐವರು ಸಿಕ್ಕಿಬಿದ್ದರು. ಕಳ್ಳತನದ ಕೇಸು ಎಂದು 'ವಾಷಿಂಗ್ಟನ್ ಪೋಸ್ಟ್' ತನ್ನ ನಗರ ವರದಿಗಾರ ಬಾಬ್ ವುಡ್‌ವರ್ಡ್ ಅವರನ್ನು ಕೋರ್ಟಿಗೆ ಕಳಿಸಿತು. ಆರೋಪಿಗಳಲ್ಲೊಬ್ಬ ತಾನು ಹಿಂದೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಲ್ಲಿದ್ದೆನೆಂದು ನ್ಯಾಯಾಧೀಶರ ಮುಂದೆ ಹೇಳಿದ್ದು ಅವರ ಕಿವಿಗೆ ಬಿತ್ತು. ಜೊತೆಗೂಡಿದ ಕಾರ್ಲ್ ಬರ್ನ್‌ಸ್ಟೀನ್ ಕೂಡ ನಗರ ವಿಭಾಗದವರೇ. ಶ್ವೇತಭವನದ ಪತ್ರಿಕಾಗೋಷ್ಠಿಯ ಕೋಣೆಯಲ್ಲಿ ದಿನವೂ ಕೂರುತ್ತಿದ್ದ ದೇಶದ ಹೆಸರಾಂತ ವರದಿಗಾರರಿಗೆ ಆ ಸುದ್ದಿ ಸಿಗಲಿಲ್ಲ, ಸಿಕ್ಕಿದ ಮೇಲೂ ಬಹುಪಾಲು ಪತ್ರಿಕೆಗಳು ತಿಂಗಳುಗಟ್ಟಲೆ ಅದರತ್ತ ತಲೆ ಹಾಕಲಿಲ್ಲ. ಅದೇ ನವೆಂಬರಿನಲ್ಲಿ ನಿಕ್ಸನ್ 49 ರಾಜ್ಯಗಳನ್ನು ಗೆದ್ದು ಮತ್ತೆ ಅಧ್ಯಕ್ಷರಾದರು.

ಓದುಗರ ಪಾಲು

ಓದುಗರಿಗೆ ಬೇಕಾದದ್ದನ್ನೇ ಕೊಡುತ್ತೇವೆ ಎಂಬ ಮಾತಿದೆ. ಈಗ ಸುದ್ದಿಮನೆಗಳಲ್ಲಿ ಯಾವ ಸುದ್ದಿಯನ್ನು ಈ ಕ್ಷಣ ಎಷ್ಟು ಜನ ಓದುತ್ತಿದ್ದಾರೆಂದು ತೋರಿಸುವ ಪರದೆ ಗೋಡೆಗೇ ಇರುತ್ತದೆ, ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ. ಆದರೆ ಆ ಪರದೆಯಲ್ಲಿ ಹಾಕಿದ ಸುದ್ದಿಗಳ ಲೆಕ್ಕವಷ್ಟೇ ಇರುತ್ತದೆ, ಹಾಕದ ಸುದ್ದಿಗೆ ಓದುಗರು ಎಷ್ಟಿದ್ದರೆಂದು ಅದು ಹೇಳಲಾರದು. 2010ರಲ್ಲಿ ಚಿಲಿಯ ಗಣಿಯಲ್ಲಿ ಸಿಕ್ಕಿಕೊಂಡ 33 ಕಾರ್ಮಿಕರನ್ನು ಮೇಲೆತ್ತುವುದನ್ನು ಕೋಟ್ಯಂತರ ಜನ ಎದ್ದು ಕೂತು ನೋಡಿದರು. ಅಷ್ಟು ದೂರದ ಬಡ ಗಣಿ ಕಾರ್ಮಿಕರ ಬಗ್ಗೆ ಜನರಿಗೆ ಆಸಕ್ತಿ ಇಲ್ಲ ಎಂದು ಅದಕ್ಕೆ ಮುಂಚೆ ಯಾರಾದರೂ ಧೈರ್ಯವಾಗಿ ಹೇಳಿಬಿಡುತ್ತಿದ್ದರು. ಹೆಸರು, ಮುಖ, ಮನೆಯವರ ಮಾತು ಸಿಕ್ಕಿದಾಗ ಜನ ಮರುಗುತ್ತಾರೆ. ಅವನ್ನು ಒದಗಿಸುವ ಖರ್ಚನ್ನು ಯಾರಿಗಾಗಿ ಮಾಡುತ್ತೇವೆ ಎಂಬಲ್ಲಿ ಪಕ್ಷಪಾತ ನುಸುಳುತ್ತದೆ.

ಹೀಗಾಗಿ 'ತೋರಿಸಲ್ಲ' ಎಂಬ ದೂರನ್ನು ನಾನು ಸ್ವಲ್ಪ ಬೇರೆ ಕಡೆಗೆ ತಿರುಗಿಸಲು ಬಯಸುತ್ತೇನೆ. ಇವತ್ತಿನ ಮುಖಪುಟದಲ್ಲಿ ಏನು ಬಿಟ್ಟಿರಿ ಎಂದು ಸಂಪಾದಕರನ್ನು ಕೇಳುವುದು ಸರಿ. ಅದರ ಜೊತೆಗೆ ನಿಮ್ಮ ಜನ ಎಲ್ಲೆಲ್ಲಿದ್ದಾರೆ, ಯಾವ ಕಚೇರಿ ಯಾವಾಗ ಮುಚ್ಚಿದಿರಿ, ಕಳೆದ ವರ್ಷ ಲೀಡ್ ಮಾಡಿದ ಸುದ್ದಿಗಳಲ್ಲಿ ಎಷ್ಟನ್ನು ಮತ್ತೆ ಹೋಗಿ ನೋಡಿದಿರಿ ಎಂದೂ ಕೇಳಬೇಕು. ಫಾಲೋಅಪ್ ಎಂಬುದು ಪ್ರತಿ ಮೀಟಿಂಗಿನಲ್ಲೂ ಬಾಯಲ್ಲಿ ಬರುತ್ತದೆ, ಡ್ಯೂಟಿ ಚಾರ್ಟಿನಲ್ಲಿ ಅದಕ್ಕೆ ಯಾರ ಹೆಸರೂ ಇರುವುದಿಲ್ಲ. ಒಬ್ಬರ ಹೆಸರು ಇರಬೇಕು. ಹೊಸದೇನೂ ಆಗದ ಊರಿನ ಬಗ್ಗೆ ವಾರಕ್ಕೊಮ್ಮೆಯಾದರೂ ಬರೆಯುವುದೇ ಅವರ ಕೆಲಸವಾಗಬೇಕು, ಅದಕ್ಕೆ ಪುಟದಲ್ಲಿ ಜಾಹೀರಾತು ಬಂದರೂ ಕದಲದ ಜಾಗ ಮೀಸಲಿಡಬೇಕು. ಒಂದೇ ಪತ್ರಿಕೆಗೆ ಆಗದಿದ್ದರೆ ಹತ್ತು ಪತ್ರಿಕೆ ಸೇರಿ ಮಾಡಬಹುದು. 2016ರ ಪನಾಮಾ ದಾಖಲೆಗಳ ತನಿಖೆಯಲ್ಲಿ 370ಕ್ಕೂ ಹೆಚ್ಚು ಪತ್ರಕರ್ತರು 1.15 ಕೋಟಿ ದಾಖಲೆಗಳನ್ನು ಹಂಚಿಕೊಂಡು ಓದಿ, ಪೈಪೋಟಿ ಬದಿಗಿಟ್ಟು ಒಂದೇ ದಿನ ಪ್ರಕಟಿಸಿದರು. ತೆರಿಗೆ ವಂಚಕರ ವಿಷಯದಲ್ಲಿ ಆದದ್ದು ಕ್ಷಾಮದ ವಿಷಯದಲ್ಲಿ ಆಗಬಾರದೆಂದೇನಿಲ್ಲ.

ಇನ್ನೊಂದು ಮಾತು ಸ್ಥಳೀಯ ಪತ್ರಕರ್ತರದ್ದು. ಸುಡಾನಿನಲ್ಲಿ 2023ರ ಏಪ್ರಿಲ್ 15ರಂದು ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಯುದ್ಧ ಶುರುವಾಗಿ ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟಿದ್ದಾರೆ, 2024ರ ಆಗಸ್ಟ್‌ನಲ್ಲಿ ಮನೆ ಬಿಟ್ಟವರ ಜಮ್‌ಜಮ್ ಶಿಬಿರದಲ್ಲಿ ಕ್ಷಾಮವಿರುವುದು ದೃಢಪಟ್ಟಿತು. ವಿದೇಶಿ ತಂಡಗಳು ಒಳಹೋಗಲಾಗದ ಅಂಥ ಊರುಗಳಲ್ಲಿ ಉಳಿದುಕೊಂಡು ಫೋನಿನಲ್ಲಿ ಚಿತ್ರೀಕರಿಸಿ ಕಳಿಸುವವರು ಅಲ್ಲಿನವರೇ. ಅವರ ವಿಡಿಯೊ ನಮ್ಮ ಕೈಗೆ ಬರುವ ಹೊತ್ತಿಗೆ ಅದರ ಮೇಲೆ ಯಾರ ಹೆಸರೂ ಇರುವುದಿಲ್ಲ. ದೊಡ್ಡ ಸಂಸ್ಥೆಗಳು ಅದನ್ನು ಬಳಸಿಕೊಳ್ಳುವುದಾದರೆ ಹಣ ಕೊಡಬೇಕು, ಅಪಾಯವಿಲ್ಲದಿದ್ದರೆ ಬೈಲೈನ್ (ವರದಿಯ ಜೊತೆ ಹೆಸರು) ಕೊಡಬೇಕು, ವಿಮೆ ಮಾಡಿಸಬೇಕು, ಓಡಬೇಕಾಗಿ ಬಂದರೆ ವೀಸಾಕ್ಕೆ ನೆರವಾಗಬೇಕು. ತಮ್ಮ ಸ್ವಂತ ವರದಿಗಾರರಿಗೆ ಇದನ್ನೆಲ್ಲ ಅವು ಈಗಾಗಲೇ ಮಾಡುತ್ತಿವೆ.